ಗಟ್ಟಿಮೇಳ ತಡವಾದ ಮದುವೆ

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಮನೆಯ ಬೀರುವಿನ ಮೇಲೆ ಹಳೇ ಮದುವೆ ಕ್ಯಾಸೆಟ್ಟು ಇದೆಯಾ? ನಮ್ಮಲ್ಲಿ ಅಕ್ಕನದಿತ್ತು. 1994ರ ವಿಎಚ್‌ಎಸ್. ಇದನ್ನ ಡಿವಿಡಿಗೆ ಹಾಕಿಕೊಡೋ ಅಂದಳು. ಅದೇನು ಮಹಾ ಅಂತ ವಿಸಿಆರ್‌ನಿಂದ ವಿಡಿಯೊವನ್ನು ಕಂಪ್ಯೂಟರಿಗೆ ತುಂಬುವ ಕ್ಯಾಪ್ಚರ್ ಕಾರ್ಡಿಗೆ ವೈರು ಎಳೆದು ಕೂತೆ.

ಒಂದು ಗಂಟೆಯ ವಿಡಿಯೊ ಸುಮಾರು 30 ಜಿಬಿ ನುಂಗಿತು. ನನ್ನ ಡಿಸ್ಕು ಫೈಲು ಜೋಡಿಸಿಡುವುದು ಫ್ಯಾಟ್32 ಅನ್ನೋ ಹಳೇ ಪದ್ಧತಿಯಲ್ಲಿ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಹಾಗಾಗಿ ಮದುವೆ ಎಂಟು ತುಂಡಾಯಿತು. ವರಪೂಜೆ ಒಂದರಲ್ಲಿ, ಧಾರೆ ಇನ್ನೊಂದರಲ್ಲಿ.

ನಾನು ಎಡವಿದ್ದು ಇಲ್ಲೇ. ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಕುಗ್ಗಿಸಿ ಎಂಪೆಗ್-2 ಅನ್ನೋ ಡಿವಿಡಿ ರೂಪಕ್ಕೆ ತಂದೆ. ಎರಡು ತುಂಡುಗಳ ಧ್ವನಿಯ ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಅನ್ನೋ ಲೆಕ್ಕ, 44.1 ಕಿಲೋಹರ್ಟ್ಸ್‌ನಲ್ಲೇ ಉಳಿದಿತ್ತು. ಡಿವಿಡಿಗೆ ಬೇಕಾದ್ದು 48. ತುಂಡುಗಳು ಒಂದಕ್ಕೊಂದು ಸೇರಲೇ ಇಲ್ಲ. ಸರಿ ಅಂತ ಎಲ್ಲವನ್ನೂ ಮತ್ತೊಮ್ಮೆ ಕುಗ್ಗಿಸಿದೆ, ಅಂದರೆ ಎನ್‌ಕೋಡ್ ಮಾಡಿದೆ. ನೋಡಿದರೆ ಅಕ್ಕನ ಸೀರೆಯ ಜರಿ ಅಂಚೆಲ್ಲ ಚೌಕ ಚೌಕ! ಎಂಪೆಗ್ ಕುಗ್ಗಿಸುವಾಗ ಕಣ್ಣಿಗೆ ಅಷ್ಟಾಗಿ ಬೀಳದ್ದನ್ನು ಬಿಸಾಡುತ್ತದೆ. ಎರಡನೇ ಸಲ ಕುಗ್ಗಿಸಿದರೆ ಕಾಣುವುದೂ ಹೋಗುತ್ತದೆ. ಮೊದಲು ಜೋಡಿಸಬೇಕು, ಆಮೇಲೆ ಒಂದೇ ಸಲ ಎನ್‌ಕೋಡ್ ಮಾಡಬೇಕು. ಅಳತೆ, ಕೋಡೆಕ್ ಅನ್ನೋ ಕುಗ್ಗಿಸುವ ವಿಧಾನ, ಧ್ವನಿ ಎಲ್ಲ ಒಂದೇ ಇದ್ದರೆ ವರ್ಚುವಲ್‌ಡಬ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ತುಂಡುಗಳನ್ನು ಹಾಗೇ ಕೂಡಿಸಿಕೊಡುತ್ತದೆ.

ಇನ್ನು ಗಟ್ಟಿಮೇಳದ ಕಥೆ. ಚಿತ್ರ ಕ್ಯಾಪ್ಚರ್ ಕಾರ್ಡಿನಿಂದ, ಸದ್ದು ಸೌಂಡ್ ಕಾರ್ಡಿನಿಂದ. ಎರಡರ ಗಡಿಯಾರ ಬೇರೆ. ಶುರುವಿನಲ್ಲಿ ಎಲ್ಲ ಸರಿ. ಹೋಗ್ತಾ ಹೋಗ್ತಾ ಸದ್ದು ಹಿಂದೆ ಬೀಳುತ್ತದೆ. ಭಾವ ತಾಳಿ ಕಟ್ಟಿ ಕೈ ತೆಗೆದ ಮೇಲೆ ಗಟ್ಟಿಮೇಳ! ಸುಮ್ನೆ ಇಡೀ ಧ್ವನಿಯನ್ನು ಬೇಗ ಶುರುವಾಗುವಂತೆ ಸರಿಸಿದರೆ ವರಪೂಜೆ ಕೆಡುತ್ತದೆ. ಕೊನೆಯಲ್ಲಿ ಎಷ್ಟು ವ್ಯತ್ಯಾಸ ಅಂತ ಅಳೆದು, ಧ್ವನಿಯ ಒಟ್ಟು ಉದ್ದವನ್ನೇ ಅಷ್ಟು ಕಮ್ಮಿ ಮಾಡಬೇಕು. ಜೋಡಿಸಿದ ಮೇಲೆ ಇದೂ ಒಂದೇ ಸಲದ ಕೆಲಸ.

ಇನ್ನೊಂದು ವಿಷಯ. ನಮ್ಮಲ್ಲಿನ ಪಾಲ್ ಎಂಬ ಟೀವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ ಎರಡು ಅರ್ಧ. ಒಂದರಲ್ಲಿ ಸಮ ಗೆರೆ, ಇನ್ನೊಂದರಲ್ಲಿ ಬೆಸ ಗೆರೆ. ಯಾವ ಅರ್ಧ ಮೊದಲು ಅನ್ನುವುದನ್ನು ತಪ್ಪಾಗಿ ಕೊಟ್ಟರೆ, ಟೀವಿಯಲ್ಲಿ ಹಾರ ಹಿಡಿದ ಕೈ ನಡುಗುತ್ತದೆ. ಕಂಪ್ಯೂಟರಿನಲ್ಲಿ ಇದು ಗೊತ್ತೇ ಆಗದಿರಬಹುದು. ಅದಕ್ಕೇ ಮೊದಲು ಎರಡು ನಿಮಿಷದ ಡಿವಿಡಿ ಬರೆದು ಟೀವಿಗೆ ಹಾಕಿ ನೋಡಿ.

4.7 ಜಿಬಿ ಡಿವಿಡಿಯಲ್ಲಿ ಒಂದು ಗಂಟೆಯಾದರೆ ಸೆಕೆಂಡಿಗೆ 8 ಮೆಗಾಬಿಟ್ ಮಾಹಿತಿ ಧಾರಾಳವಾಗಿ ಕೊಡಬಹುದು. ಎರಡು ಗಂಟೆಗೆ 5ರ ಒಳಗೇ ಇರಬೇಕು. ಮೂರು ಗಂಟೆಯ ಕ್ಯಾಸೆಟ್ಟೋ? ಚಿತ್ರದ ಅಗಲ 720 ಚುಕ್ಕಿಗಳ ಬದಲು 352 ಇಡಿ. ವಿಎಚ್‌ಎಸ್‌ನಲ್ಲಿ ಇರುವುದೇ ಹೆಚ್ಚುಕಮ್ಮಿ ಅಷ್ಟು, ಜಾಸ್ತಿ ಏನೂ ಕಳೆಯುವುದಿಲ್ಲ.

ಕೊನೆಗೂ ಡಿವಿಡಿ ಸರಿಹೋಯಿತು. ತಾಳಿಯ ಗಂಟು, ಗಟ್ಟಿಮೇಳ ಎರಡೂ ಒಟ್ಟಿಗೇ ಬಂದವು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಭಾವ ಅಂದರು: "ಅವತ್ತು ಓಲಗದವರು ಸ್ವಲ್ಪ ತಡವಾಗಿಯೇ ಊದಿದ ನೆನಪು ಕಣೋ."