ಇಂಕ್ ಪೆನ್ನಿನಲ್ಲಿ ಕನ್ನಡ: ತಲೆಕಟ್ಟಿನಿಂದ ಶುರು

[ದೃಶ್ಯ: ಕ್ಯಾಮೆರಾ ಮೇಲಿನಿಂದ ನೋಡುತ್ತಿದೆ. ಬಿಳಿ ಹಾಳೆ, ಒಂದು ಕೈ, ಒಂದು ಇಂಕ್ ಪೆನ್ನು. ನಿಧಾನವಾಗಿ ‘ಕ’ ಮೂಡುತ್ತದೆ. ಗೆರೆಯ ಕೊನೆಯಲ್ಲಿ ಶಾಯಿ ಇನ್ನೂ ಒದ್ದೆಯಾಗಿ ಹೊಳೆಯುತ್ತಿದೆ.]

ನಮಸ್ಕಾರ. ಈ ‘ಕ’ ನನ್ನದು ಎಂದು ಹೇಳಿಕೊಳ್ಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಅದರಲ್ಲಿ ಮೂರು ವರ್ಷ ಬೇರೆಯದೇ ದಾರಿಯಲ್ಲಿ ನಡೆದಿದ್ದೆ. ಇಂಕ್ ಪೆನ್ನು ಕೊಂಡ ಹೊಸತರಲ್ಲಿ ಅಂದದ ಕೈಬರಹ ಕಲಿಸುವ ವಿಡಿಯೋಗಳನ್ನು ರಾತ್ರಿಯೆಲ್ಲ ನೋಡುತ್ತಿದ್ದೆ. ನನಗೆ ಸಿಕ್ಕವೆಲ್ಲ ಇಂಗ್ಲಿಷ್ ಅಕ್ಷರಗಳ ಪಾಠಗಳು: ಬಲಕ್ಕೆ ವಾಲಿದ ಗೆರೆ, ಕೆಳಗೆ ಎಳೆಯುವಾಗ ದಪ್ಪ, ಮೇಲಕ್ಕೆ ಏರುವಾಗ ತೆಳು. ಅದನ್ನೇ ಕನ್ನಡಕ್ಕೂ ಹಚ್ಚಿದೆ. ನನ್ನ ಪುಟ ನೋಡಿದ ಸೋದರತ್ತೆ, ‘ಇದು ನಿನ್ನ ಅಕ್ಷರ ಅಲ್ಲವಲ್ಲೋ’ ಎಂದರು. ಅವರ ಮಾತು ಸರಿಯಾಗಿತ್ತು. ಕನ್ನಡದ ಅಕ್ಷರಕ್ಕೆ ಜೀವ ಇರುವುದು ಸುತ್ತಿನಲ್ಲಿ. ಓರೆ ಮಾಡಿದಾಗ ಮೊದಲು ಕೆಡುವುದು ಆ ಸುತ್ತೇ.

ಕನ್ನಡ ಬರೆಯುವವರು ಪೆನ್ನನ್ನು ಕನ್ನಡಕ್ಕಾಗಿಯೇ ಆರಿಸಬೇಕು, ಕನ್ನಡದ ಸುತ್ತುಗಳಲ್ಲೇ ಕೈ ಪಳಗಿಸಬೇಕು. ಹೇಗೆ ಎಂಬುದನ್ನು ಇವತ್ತು ಬರೆದೇ ತೋರಿಸುತ್ತೇನೆ.

[ದೃಶ್ಯ: ನಿಬ್ಬು ತೀರಾ ಹತ್ತಿರದಿಂದ. ನಡುವಿನ ಸೀಳು, ಕೆಳಗಿನ ಕಪ್ಪು ನಾಲಗೆ.]

ಮೊದಲು ಪೆನ್ನಿನ ಒಳಗುಟ್ಟು. ನಿಬ್ಬಿನ ನಡುವೆ ಕೂದಲೆಳೆಯಷ್ಟು ಸೀಳಿದೆ, ಅದರ ಅಡಿಯಲ್ಲಿ ನಾಲಗೆ ಇದೆ. ಫೀಡ್ ಎನ್ನುವುದು ಇದಕ್ಕೇ. ದೀಪದ ಬತ್ತಿ ಎಣ್ಣೆಯನ್ನು ಹೇಗೆ ತಾನಾಗಿ ಎಳೆದುಕೊಳ್ಳುತ್ತದೆಯೋ ಹಾಗೆಯೇ ನಾಲಗೆಯ ಮೇಲಿನ ಸಣ್ಣ ಕಾಲುವೆ ಶಾಯಿಯನ್ನು ಎಳೆದು ತುದಿಗೆ ತರುತ್ತದೆ. ಖಾಲಿಯಾದ ಶಾಯಿಯ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಗಾಳಿಗೆ ದಾರಿ ಇಲ್ಲದಿದ್ದರೆ ಪೆನ್ನು ನಿಲ್ಲುತ್ತದೆ, ಲೆಕ್ಕ ತಪ್ಪಿ ಹೆಚ್ಚು ಹೋದರೆ ಹಾಳೆಯ ಮೇಲೆ ಶಾಯಿ ಕಕ್ಕುತ್ತದೆ. ಇವೆರಡನ್ನೂ ಹದಕ್ಕೆ ತಂದ ನಾಲಗೆಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು. ಇಂದಿನ ಪೆನ್ನುಗಳಲ್ಲಿರುವುದು ಅದೇ ತತ್ವ.

ನಿಬ್ಬು ಕಾಗದವನ್ನು ಮುಟ್ಟಿದರೆ ಸಾಕು, ಶಾಯಿ ಇಳಿಯುತ್ತದೆ. ಒತ್ತುವ ಕೆಲಸವೇ ಇಲ್ಲ. 1938ರಲ್ಲಿ ಹಂಗೇರಿಯ ಲಾಸ್ಲೊ ಬಿರೊ ಪೇಟೆಂಟ್ ಪಡೆದ ಬಾಲ್ ಪೆನ್ನಿನ ರೀತಿ ಬೇರೆ. ಅದರ ಶಾಯಿ ಮಂದ, ಗುಂಡು ಉರುಳಬೇಕಾದರೆ ಕೈ ಒತ್ತಲೇಬೇಕು. ಹತ್ತು ಹದಿನೈದು ವರ್ಷ ಪರೀಕ್ಷೆ ಬರೆದ ನಮ್ಮೆಲ್ಲರ ಬೆರಳುಗಳು ಆ ಒತ್ತಿಗೆ ಒಗ್ಗಿವೆ. ನಡುಬೆರಳಿನ ಬದಿಯ ಗಂಟೇ ಅದಕ್ಕೆ ಸಾಕ್ಷಿ. ಒಂದು ಪರೀಕ್ಷೆ ಮಾಡಿಕೊಳ್ಳಿ: ನಾಲ್ಕೈದು ಹಾಳೆಗಳ ಕಟ್ಟಿನ ಮೇಲೆ ಒಂದು ಸಾಲು ಬರೆಯಿರಿ. ಎರಡನೆಯ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಚ್ಚು ಕಂಡರೆ ಇನ್ನೂ ಒತ್ತುತ್ತಿದ್ದೀರಿ. ಈ ಒತ್ತು ಕಳೆಯುವವರೆಗೆ ಅಕ್ಷರದ ಅಂದದ ಗೊಡವೆಗೆ ಹೋಗಬೇಡಿ. ನನಗೆ ಎರಡು ತಿಂಗಳು ಬೇಕಾಯಿತು.

[ದೃಶ್ಯ: ದೊಡ್ಡದಾಗಿ ಬರೆದ ‘ರ’. ಬಾಣದ ಗುರುತು ಎಡದಿಂದ ಇಳಿದು, ಬುಡ ಸುತ್ತಿ, ಬಲದಿಂದ ಮೇಲೇರುತ್ತದೆ.]

ನಮ್ಮ ಲಿಪಿ ಏಕೆ ದುಂಡಗಿದೆ? ಓಲೆಗರಿಯ ಮೇಲೆ ಕಂಟದಿಂದ ಕೊರೆಯುತ್ತಿದ್ದ ಕಾಲದಲ್ಲಿ ಗರಿಯ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು, ಅದಕ್ಕೇ ದಕ್ಷಿಣದ ಲಿಪಿಗಳು ಬಳುಕಿದವು ಎಂದು ಲಿಪಿ ಬಲ್ಲವರು ವಿವರಿಸುತ್ತಾರೆ. ಐದನೆಯ ಶತಮಾನದ ಹಲ್ಮಿಡಿ ಶಾಸನದ ಅಕ್ಷರಗಳನ್ನು ಅಭ್ಯಾಸವಿಲ್ಲದವರು ಗುರುತಿಸುವುದೇ ಕಷ್ಟ. ಹೊಯ್ಸಳರ ಶಾಸನಗಳಿಗೆ ಬಂದರೆ ಕಲ್ಲಿನ ಮೇಲೂ ಸುತ್ತುಗಳು ತುಂಬಿ ನಿಂತಿವೆ. ಬೇಲೂರಿಗೆ ಹೋದಾಗ ಶಿಲ್ಪ ನೋಡಿದ ಮೇಲೆ ಶಾಸನದ ಮುಂದೆಯೂ ಐದು ನಿಮಿಷ ನಿಲ್ಲಿ. ಅಕ್ಷರಗಳ ನಡುವಿನ ಬಿಡುವು ನೋಡಿ.

ಈಗ ‘ರ’ ಬರೆಯುವ ಕ್ರಮ ಗಮನಿಸಿ. ನಿಬ್ಬು ಎಡದಿಂದ ಇಳಿಯುತ್ತದೆ, ಬುಡವನ್ನು ಸುತ್ತುತ್ತದೆ, ಬಲಗಡೆಯಿಂದ ಮೇಲೇರುತ್ತದೆ. ಇಳಿಯುವಾಗ ನಾವು ನಿಬ್ಬನ್ನು ಎಳೆಯುತ್ತೇವೆ, ಏರುವಾಗ ತಳ್ಳುತ್ತೇವೆ. ನಿಬ್ಬು ಎಳೆತವನ್ನು ಇಷ್ಟಪಡುತ್ತದೆ. ತಳ್ಳುವಾಗ, ಅದರಲ್ಲೂ ತೀರಾ ಸಣ್ಣ ನಿಬ್ಬು, ಕಾಗದದ ನಾರಿಗೆ ಸಿಕ್ಕಿಕೊಂಡು ಕಿರ್ ಎನ್ನುತ್ತದೆ. ಕನ್ನಡದ ಪ್ರತಿಯೊಂದು ಸಾಲಿನಲ್ಲೂ ಇಂಥ ತಳ್ಳುವ ಸುತ್ತುಗಳು ಹತ್ತಾರು. ಆದ್ದರಿಂದ ಸೂಜಿಯಂಥ ಎಕ್ಸ್‌ಟ್ರಾ ಫೈನ್ ನಿಬ್ಬು ಮೊದಲ ಪೆನ್ನಿಗೆ ಬೇಡ. ತೀರಾ ದಪ್ಪವೂ ಬೇಡ, ಏಕೆಂದರೆ ‘ಸ್ತ್ರೀ’ ಎಂದು ಬರೆದಾಗ ಒತ್ತಕ್ಷರಗಳ ಸುಳಿಗಳು ಶಾಯಿಯಲ್ಲಿ ಮುಚ್ಚಿಹೋಗುತ್ತವೆ. ಯುರೋಪಿನ ಪೆನ್ನಾದರೆ ಫೈನ್, ಜಪಾನಿನದಾದರೆ ಮೀಡಿಯಂ ಎಂಬುದು ನನ್ನ ಆಯ್ಕೆ. ಜಪಾನಿನ ನಿಬ್ಬುಗಳು ಅದೇ ಹೆಸರಿನ ಯುರೋಪಿನ ನಿಬ್ಬಿಗಿಂತ ಸಾಮಾನ್ಯವಾಗಿ ಒಂದು ಮೆಟ್ಟಿಲು ಸಣ್ಣಗಿರುತ್ತವೆ. ತುದಿಯನ್ನು ಚಪ್ಪಟೆ ಕತ್ತರಿಸಿದ ಸ್ಟಬ್ ನಿಬ್ಬು ಶುಭಾಶಯದ ಕಾರ್ಡಿಗೆ ಚೆನ್ನಾಗಿದೆ, ಆದರೆ ಅದರಲ್ಲಿ ಅಡ್ಡಗೆರೆ ತೆಳುವಾಗಿ ತಲೆಕಟ್ಟು ಸೊರಗುತ್ತದೆ. ಮುಂದೆಂದಾದರೂ ಕೊಳ್ಳಿ.

ದುಬಾರಿ ಪೆನ್ನು ಬೇಕೇ? ಖಂಡಿತ ಬೇಡ. ಆಂಧ್ರದ ರಾಜಮಹೇಂದ್ರವರದಲ್ಲಿ ಕೆ. ವಿ. ರತ್ನಂ ಅವರು ಕೈಯಿಂದ ತಯಾರಿಸಿದ ಪೆನ್ನು ಗಾಂಧೀಜಿಯವರಿಗೆ ತಲುಪಿ, 1935ರಲ್ಲಿ ಅವರು ಮೆಚ್ಚಿ ಪತ್ರ ಬರೆದಿದ್ದರು. ಇದೇ ಗಾಂಧೀಜಿ ತಮ್ಮ ಅಕ್ಷರದ ಬಗ್ಗೆ ಕೊನೆಯವರೆಗೂ ನೊಂದುಕೊಂಡವರು. ದಕ್ಷಿಣ ಆಫ್ರಿಕಾದಲ್ಲಿ ವಕೀಲರ ಚೆಂದದ ಕೈಬರಹ ಕಂಡು ನಾಚಿದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮಕ್ಕಳಿಗೆ ಬರವಣಿಗೆಗಿಂತ ಮೊದಲು ಚಿತ್ರ ಬಿಡಿಸುವುದನ್ನು ಕಲಿಸಬೇಕು ಎಂದೂ ಅಲ್ಲಿ ಬರೆದಿದ್ದಾರೆ. ನಾನು ಅದನ್ನು ದೊಡ್ಡವರಿಗೂ ಹೇಳುತ್ತೇನೆ. ಅಕ್ಷರವನ್ನು ಒಮ್ಮೆ ಚಿತ್ರದಂತೆ ನೋಡಿದವರು ಮತ್ತೆ ಅದನ್ನು ಗೀಚಲಾರರು.

[ದೃಶ್ಯ: ಒಂದೇ ಸಾಲಿನಲ್ಲಿ ತಲೆಕಟ್ಟುಗಳು ಮಾತ್ರ. ಕೆಳಗೆ ಅಕ್ಷರಗಳಿಲ್ಲ.]

ಇಲ್ಲಿಗೆ ಬಂದೆವು ನೋಡಿ, ತಲೆಕಟ್ಟಿಗೆ. ವರ್ಣಮಾಲೆಯ 49 ಅಕ್ಷರಗಳನ್ನೂ ಒಮ್ಮೆಗೇ ತಿದ್ದಲು ಹೊರಟವರು ವಾರದಲ್ಲಿ ಕೈಬಿಡುತ್ತಾರೆ. ತಲೆಕಟ್ಟು ಒಂದನ್ನೇ ಹಿಡಿಯಿರಿ. ಕ, ಗ, ಚ, ತ, ದ, ನ, ಮ, ಯ, ರ, ವ, ಸ, ಹ, ಎಲ್ಲದರ ಮೇಲೂ ಅದೇ ಕೂತಿದೆ. ಇದು ಸರಿಹೋದರೆ ಪುಟದ ಬಹುಪಾಲು ತಾನಾಗಿ ಸರಿಹೋಗುತ್ತದೆ. ತೆಲುಗಿನಲ್ಲಿ ಇದೇ ತಲೆಕಟ್ಟು ಸರಿ ಗುರುತಿನಂತೆ ಚಿಮ್ಮುತ್ತದೆ, ನಮ್ಮಲ್ಲಿ ಅಡ್ಡಕ್ಕೆ ಮಲಗಿ ತುದಿಯಲ್ಲಿ ತುಸು ಬಾಗುತ್ತದೆ. ಆ ತುಸು ಎಷ್ಟು ಎಂಬುದರಲ್ಲೇ ನಿಮ್ಮತನ ಇದೆ. ಕೆಲವರು ಕುಡುಗೋಲಿನಂತೆ ಬಾಗಿಸುತ್ತಾರೆ. ಕೆಲವರು ನೆಟ್ಟಗೆ ಎಳೆದು ನಿಲ್ಲಿಸುತ್ತಾರೆ. ನನ್ನ ಅತ್ತೆ ಎಡತುದಿಯಲ್ಲಿ ಒಂದು ಕ್ಷಣ ತಡೆದು ಹೊರಡುತ್ತಾರೆ, ಅಲ್ಲೊಂದು ಸಾಸಿವೆಕಾಳಿನಷ್ಟು ಶಾಯಿ ನಿಲ್ಲುತ್ತದೆ.

ಬಾಲ್ ಪೆನ್ನು ಇಂಥದ್ದನ್ನು ತೋರಿಸುವುದಿಲ್ಲ. ಇಂಕ್ ಪೆನ್ನಿನಲ್ಲಿ ನೀವು ತಡೆದಲ್ಲಿ ಶಾಯಿ ಕೂಡುತ್ತದೆ, ಓಡಿದಲ್ಲಿ ತಿಳಿಯಾಗುತ್ತದೆ. ನಿಮ್ಮ ಕೈಯ ವೇಗವೆಲ್ಲ ಹಾಳೆಯ ಮೇಲೆ ಉಳಿಯುತ್ತದೆ. ಅದಕ್ಕೇ ಬರೆದ ಪುಟವನ್ನು ಮರುದಿನ ಬೆಳಿಗ್ಗೆ ನೋಡಿ, ಎಲ್ಲಿ ಕೈ ತಡವರಿಸಿದೆ ಎಂಬುದನ್ನು ಗುರುತು ಮಾಡಿ. ನನಗೆ ‘ಷ’ದ ಒಳಗಿನ ಗೆರೆಯಲ್ಲಿ, ‘ಳ’ದ ತಿರುವಿನಲ್ಲಿ ಯಾವಾಗಲೂ ಕಲೆ ಬೀಳುತ್ತಿತ್ತು.

[ದೃಶ್ಯ: ‘ವ’, ‘ವು’, ‘ಮ’ ಪಕ್ಕಪಕ್ಕದಲ್ಲಿ.]

ಇದು ನನಗೆ ಬಹಳ ಇಷ್ಟವಾದ ಭಾಗ. ‘ವ’ಕ್ಕೆ ಕೊಂಬನ್ನು ‘ಕು’, ‘ತು’ಗಳಲ್ಲಿ ಹಚ್ಚುವಂತೆ ಬದಿಯಲ್ಲೇ ಹಚ್ಚಿದರೆ ಏನಾಗುತ್ತದೆ? ‘ಮ’ ಆಗಿಬಿಡುತ್ತದೆ. ಅದಕ್ಕೇ ‘ವು’ ಮತ್ತು ‘ಪು’ಗಳ ಕೊಂಬು ಕೆಳಗಿಳಿದು ಕೂತಿದೆ. ಓದುವವರಿಗೆ ಗೊಂದಲವಾಗದಿರಲೆಂದು ಲಿಪಿಯೇ ಮಾಡಿಕೊಂಡ ಏರ್ಪಾಡು ಇದು. ನಿಮ್ಮ ಶೈಲಿ ಎಷ್ಟೇ ವಿಶಿಷ್ಟವಾಗಿರಲಿ, ಇಂಥ ಗಡಿಗಳನ್ನು ಮೀರಬಾರದು. ‘ರ’ದೊಳಗೆ ಚುಕ್ಕೆ ಬಿದ್ದರೆ ‘ಠ’, ‘ದ’ದ ಬುಡದಲ್ಲಿ ಸೀಳು ಬಿದ್ದರೆ ‘ಧ’. ಚುಕ್ಕೆ, ಸೀಳು ಸ್ಪಷ್ಟವಾಗಿರಲಿ. ಕೈಗೆ ಸ್ವಾತಂತ್ರ್ಯ ಬೇಕಾದರೆ ಅರ್ಕಾವೊತ್ತು ಇದೆ. ‘ಸೂರ್ಯ’, ‘ಧರ್ಮ’ ಎಂದು ಬರೆದ ಕೊನೆಗೆ ಬರುವ ಆ ಗೆರೆಯನ್ನು ಉದ್ದಕ್ಕೆ ಎಳೆಯಿರಿ, ಸುರುಳಿ ಸುತ್ತಿ, ಯಾರೂ ತಪ್ಪು ಓದುವುದಿಲ್ಲ.

ಸಾಲಿನ ನಡುವಿನ ಜಾಗದ ವಿಚಾರ. ನಮಗೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತಕ್ಷರ ಬೇಕು. ಗೆರೆ ಹಾಳೆಯಲ್ಲಿ ಅಕ್ಷರವನ್ನು ಸಾಲು ತುಂಬ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಎಂಟು ಮಿಲಿಮೀಟರ್ ಅಂತರದ ಗೆರೆಗಳಿದ್ದರೆ ಅಕ್ಷರದ ಮೈ ಮೂರು ಮಿಲಿಮೀಟರ್ ಇರಲಿ. ಪುಟ ಉಸಿರಾಡುತ್ತದೆ.

ಎಡಗೈಯಲ್ಲಿ ಬರೆಯುವವರಿಗೆ ಒಂದು ಮಾತು. ಕೈ ಬದಲಿಸಬೇಡಿ, ಯಾರಾದರೂ ಬದಲಿಸು ಎಂದರೆ ಕೇಳಲೂ ಬೇಡಿ. ಬೇಗ ಒಣಗುವ ಶಾಯಿ ಆರಿಸಿ, ಅಂಗೈ ಸಾಲಿನ ಕೆಳಗೆ ಇರುವಂತೆ ಹಾಳೆಯನ್ನು ತಿರುಗಿಸಿಕೊಳ್ಳಿ.

ಕಾಗದ, ಶಾಯಿ ಎರಡನ್ನೂ ಬೇಗ ಮುಗಿಸುತ್ತೇನೆ. ಶಾಯಿ ಗೆರೆಯ ಅಂಚಿನಲ್ಲಿ ಬೇರಿನಂತೆ ಹರಡಿದರೆ ತಪ್ಪು ಪೆನ್ನಿನದಲ್ಲ, ಕಾಗದದ್ದು. ಚಿತ್ರಕಲೆಗೆ ಬಳಸುವ ಇಂಡಿಯನ್ ಇಂಕನ್ನು ಎಂದೂ ಪೆನ್ನಿಗೆ ತುಂಬಬೇಡಿ, ಒಣಗಿ ನಾಲಗೆಯನ್ನು ಶಾಶ್ವತವಾಗಿ ಕಟ್ಟಿಹಾಕುತ್ತದೆ. ಶಾಯಿಯ ಬಣ್ಣ ಬದಲಿಸುವಾಗ ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಬಿಸಿನೀರು ಬೇಡ.

[ದೃಶ್ಯ: ಹಳೆಯ ನೀಲಿ ಇನ್‌ಲ್ಯಾಂಡ್ ಲೆಟರುಗಳ ಕಟ್ಟು. ಮೇಲಿನದು ಬಿಚ್ಚಿಕೊಳ್ಳುತ್ತದೆ: ‘ಉಭಯ ಕುಶಲೋಪರಿ ಸಾಂಪ್ರತ’.]

ಇವು ಅತ್ತೆಯ ಪತ್ರಗಳು. ಮಡಿಕೆಯ ಅಂಚಿನಲ್ಲೂ ಜಾಗ ಬಿಡದೆ ಬರೆದಿದ್ದಾರೆ. ಓರೆ ಅಕ್ಷರ ಬಿಟ್ಟ ಮೇಲೆ ನಾನು ಅವರಿಗೆ ಮತ್ತೆ ಪತ್ರ ಬರೆಯತೊಡಗಿದೆ. ಪ್ರತಿ ಪತ್ರದ ಕೊನೆಗೆ ಒಂದೇ ವಾಕ್ಯವನ್ನು ಇಬ್ಬರೂ ಬರೆಯಬೇಕೆಂದು ಮಾತಾಯಿತು:

‘ಸಂಕ್ರಾಂತಿಯ ದಿನ ಸೂರ್ಯ ಮುಳುಗುವ ಮೊದಲು ಚಿಕ್ಕಮ್ಮ ಎಳ್ಳು ಬೆಲ್ಲ, ಹೂವು ಕಟ್ಟಿಕೊಟ್ಟರು.’

ಇದರಲ್ಲಿ ಆರು ಬಗೆಯ ಒತ್ತಕ್ಷರಗಳಿವೆ, ಒಂದು ಅರ್ಕಾವೊತ್ತಿದೆ, ‘ವು’ ಇದೆ. ಅವರ ವಾಕ್ಯವನ್ನು ನನ್ನದರ ಪಕ್ಕ ಇಟ್ಟು, ಒಂದೇ ಒಂದು ಅಕ್ಷರ ಎರವಲು ಪಡೆಯುತ್ತೇನೆ. ಹೆಚ್ಚು ಪಡೆದರೆ ನಕಲಾಗುತ್ತದೆ. ತಲೆಕಟ್ಟಿನ ಸಾಸಿವೆಕಾಳು ಹಾಗೆ ಬಂದದ್ದು. ನನ್ನ ಕೈಗೆ ಬಂದ ಮೇಲೆ ಅದು ಸ್ವಲ್ಪ ಉದ್ದವಾಗಿ ಅಕ್ಕಿಕಾಳಾಯಿತು. ಅವರೂ ನನ್ನ ‘ಳ್ಳು’ ತೆಗೆದುಕೊಂಡಿದ್ದಾರೆ. ಎಪ್ಪತ್ತು ದಾಟಿದ ಮೇಲೆ ಒಂದು ಅಕ್ಷರ ಬದಲಿಸಿಕೊಂಡ ಅವರ ಮನಸ್ಸನ್ನು ನಾನು ಬಹಳ ಗೌರವಿಸುತ್ತೇನೆ.

ನೀವೂ ಒಬ್ಬರನ್ನು ಹುಡುಕಿಕೊಳ್ಳಿ. ಅಕ್ಕ, ಹಳೆಯ ಮೇಷ್ಟ್ರು, ಹೊರದೇಶದಲ್ಲಿರುವ ಗೆಳೆಯ, ಯಾರಾದರೂ ಸರಿ. ಫೋಟೋ ತೆಗೆದು ಕಳುಹಿಸಬಹುದು, ತಪ್ಪೇನಿಲ್ಲ. ಆದರೆ ಹಾಳೆಯನ್ನೇ ಕಳುಹಿಸಿದರೆ ಅವರು ಅದನ್ನು ಬೆಳಕಿಗೆ ಹಿಡಿದು ಶಾಯಿ ಎಲ್ಲಿ ನಿಂತಿದೆ, ಎಲ್ಲಿ ಓಡಿದೆ ಎಂದು ನೋಡಬಹುದು.

[ದೃಶ್ಯ: ಒಂದು ಲಕೋಟೆ. ವಿಳಾಸದ ಅರ್ಧ ಭಾಗ ನೀಲಿ ಮೋಡವಾಗಿ ಕರಗಿದೆ.]

ಹೋದ ವರ್ಷ ಜುಲೈನಲ್ಲಿ ಬಂದ ಲಕೋಟೆ ಇದು. ಮಳೆಗೆ ನೆನೆದು ಪಿನ್‌ಕೋಡ್ ಅಳಿಸಿದೆ, ನನ್ನ ಹೆಸರಿನ ಕೊನೆಯ ಭಾಗವೂ ಇಲ್ಲ. ಊರಿನ ಹೆಸರು ಮಾತ್ರ ಉಳಿದಿತ್ತು. ನಮ್ಮೂರಿನ ಅಂಚೆಯಣ್ಣ ಬಾಗಿಲಿಗೆ ಬಂದು, ‘ನಿಮ್ಮ ಅತ್ತೆಯವರ ಕಾಗದ, ತಲೆಕಟ್ಟು ನೋಡಿ ಗೊತ್ತಾಯಿತು’ ಎಂದು ಕೊಟ್ಟುಹೋದರು. ಒಳಗಿನ ಹಾಳೆ ಒಣಗಿಯೇ ಇತ್ತು. ಅಂದಿನಿಂದ ಇಬ್ಬರೂ ವಿಳಾಸವನ್ನು ಮಾತ್ರ ನೀರಿಗೆ ಕರಗದ ಶಾಯಿಯಲ್ಲಿ ಬರೆಯುತ್ತಿದ್ದೇವೆ.