ಲಕ್ ಅನ್ನೋ ಊರಲ್ಲಿ ಒಂದು ಬೆಳಿಗ್ಗೆ

ಈ ಬೋರ್ಡ್ ನೋಡಿ. ಲಕ್. ಹೌದು, ಊರಿನ ಹೆಸರೇ ಅದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಯುವ್ಯ ಮೂಲೆ, ಪೋಲ್ಕ್ ಕೌಂಟಿ, ಸಾವಿರದ ಚಿಲ್ಲರೆ ಜನ. ಮಿನಿಯಾಪೊಲಿಸ್‌ನಿಂದ ಬೆಳಿಗ್ಗೆನೇ ಫ್ಲಾಸ್ಕ್‌ಗೆ ಕಾಫಿ ತುಂಬ್ಕೊಂಡು ಹೊರಟ್ವಿ. "ಒಂದು ಹಾಡಿಗೋಸ್ಕರ ಇಷ್ಟು ದೂರಾನಾ?" ಅಂತ ನಮ್ಮನೆಯವರು ಸೇಂಟ್ ಕ್ರಾಯ್ ನದಿ ಬರೋವರೆಗೂ ಕೇಳ್ತಾನೇ ಇದ್ರು. ನದಿ ದಾಟಿದ ಮೇಲೆ ಸುಮ್ಮನಾದ್ರು. ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು, ಆಗಸ್ಟ್ ಕೊನೆ ನೋಡಿ.

ಹಾಡು 'ಸ್ಟ್ರಾಬೆರಿ ವೈನ್'. 1996ರಲ್ಲಿ ಡೀನಾ ಕಾರ್ಟರ್ ಹಾಡಿದ್ದು, ಅವರ ಮೊದಲ ಹಿಟ್. ಅಮೆರಿಕದ ಕಂಟ್ರಿ, ಅಂದ್ರೆ ಇಲ್ಲಿನ ಹಳ್ಳಿಗಾಡಿನ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು, 1997ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಹಾಡು ಅಂತ ಪ್ರಶಸ್ತಿನೂ ಬಂತು. ಬರೆದವರು ಬೇರೆ: ಮಟ್ರೇಸಾ ಬರ್ಗ್ ಮತ್ತು ಗ್ಯಾರಿ ಹ್ಯಾರಿಸನ್. ಮಟ್ರೇಸಾ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನವರು, ಆದ್ರೆ ಹಾಡಿನ ಬೇರು ಇಲ್ಲಿದೆ. ಅವರ ಅಜ್ಜ ಅಜ್ಜಿಯ ಫಾರ್ಮ್ ಈ ಲಕ್‌ನಲ್ಲೇ ಇತ್ತು. ಆ ಜಾಗ ಯಾವುದು ಅಂತ ನಾನು ಹುಡುಕ್ಕೊಂಡು ಹೋಗಿಲ್ಲ. ಯಾರದೋ ಮನೆ ಗೇಟಿನ ಮುಂದೆ ಕ್ಯಾಮೆರಾ ಹಿಡ್ಕೊಂಡು ನಿಲ್ಲೋದು ನಂಗೆ ಸರಿಬರಲ್ಲ.

ಕಥೆ ಇಷ್ಟೇ. ಹದಿನೇಳರ ಹುಡುಗಿ. ಅಜ್ಜನ ಫಾರ್ಮಿಗೆ ಬೇಸಿಗೆ ಕೆಲಸಕ್ಕೆ ಬಂದ ಕಾಲೇಜು ಹುಡುಗ. ಅವನ ಹತ್ರ ಕಾರಿದೆ. ಸೆಪ್ಟೆಂಬರ್ ಬರುತ್ತೆ, ಅವನು ಹೊರಟು ಹೋಗ್ತಾನೆ.

ನಾನು ಈ ಹಾಡು ಮೊದಲು ಕೇಳಿದ್ದು ಅಮೆರಿಕಕ್ಕೆ ಬಂದ ಹೊಸದರಲ್ಲಿ, ಆಫೀಸಿಂದ ಬರ್ತಾ, ಕಾರ್ ರೇಡಿಯೋದಲ್ಲಿ. ಆಗ ಕಿವಿಗೆ ಬಿದ್ದಿದ್ದು ಲಯ ಮಾತ್ರ. ವಾಲ್ಟ್ಸ್ ಅದು, ಮೂರು ಎಣಿಕೆಯ ಲಯ, ಒಂದು ಎರಡು ಮೂರು. ಸಂಗೀತದ ಪಾಠಕ್ಕೆ ಹೋದವರಿಗೆ ತಕಿಟ ತಕಿಟ ಅಂದ್ರೆ ಸಾಕು, ಕೈ ತಾನಾಗೇ ತೊಡೆ ಮೇಲೆ ಬೀಳುತ್ತೆ. ಜೋಕಾಲಿ ಥರ ತೂಗುತ್ತೆ, ಎಲ್ಲಿಗೂ ಹೋಗಲ್ಲ. ಒಳ್ಳೇ ಪ್ರೀತಿ ಹಾಡು ಅಂದ್ಕೊಂಡು ಹತ್ತು ವರ್ಷ ಕಳೆದೆ.

ಹೋದ ಚಳಿಗಾಲ ಪಾತ್ರೆ ತೊಳೀತಾ ಕೇಳ್ತಿದ್ದೆ, ಆವತ್ತು ಕೊನೇ ಚರಣ ನಿಲ್ಲಿಸ್ತು. ಅವಳು ಈಗ ದೊಡ್ಡವಳು, ಆ ಜಾಗಕ್ಕೆ ವಾಪಸ್ ಬಂದಿದ್ದಾಳೆ. ಹೊಲದಲ್ಲಿ ಕಳೆ. ನೇಗಿಲು ಕಂಡು ವರ್ಷಗಳಾಗಿವೆ. ಆಗ ಅವಳೇ ತನ್ನನ್ನ ಕೇಳ್ಕೋತಾಳೆ, ನಾನು ಹುಡುಕ್ತಿರೋದು ಅವನನ್ನಾ, ಇಲ್ಲಾ ಆಗಿನ ನನ್ನನ್ನಾ ಅಂತ. ಉತ್ತರ ಹೇಳಲ್ಲ. ಆ ನೇಗಿಲಿಲ್ಲದ ಹೊಲ ಇಲ್ಲದಿದ್ರೆ ಆ ಪ್ರಶ್ನೆ ಸ್ವಲ್ಪ ಡೈಲಾಗ್ ಥರ ಕೇಳಿಸ್ತಿತ್ತೇನೋ. ಹುಡುಗ ನೆಪ, ಅಷ್ಟೇ. ಅವನ ಹೆಸರು ಕೂಡ ಹಾಡಲ್ಲಿಲ್ಲ.

ನಂಗೆ ಅಂಥ ಹುಡುಗ ಯಾರೂ ಇರ್ಲಿಲ್ಲ, ಕಾಮೆಂಟ್‌ನಲ್ಲಿ ಕೇಳ್ಬೇಡಿ. ತಿಪಟೂರಿನ ಹತ್ರ ನಮ್ಮಜ್ಜಿ ಮನೆ ಇತ್ತು. ಪಿಯುಸಿ ಪರೀಕ್ಷೆ ಮುಗಿದು ರಿಸಲ್ಟ್ ಬರೋವರೆಗೆ ಅಲ್ಲಿದ್ದೆ. ಏನ್ ಮಾಡ್ತಿದ್ದೆ? ಏನೂ ಇಲ್ಲ. ಅಟ್ಟದ ಮೇಲೆ ಕೊಬ್ಬರಿ ವಾಸನೆಯಲ್ಲಿ ಮಲಗಿ ಹಳೇ ವಾರಪತ್ರಿಕೆ ಓದೋದು, ಮಧ್ಯಾಹ್ನ ಪಂಪ್‌ಸೆಟ್‌ಗೆ ಕರೆಂಟ್ ಬಂದ್ರೆ ತೊಟ್ಟಿಗೆ ಹಾರೋದು. ಯಾರೂ ನನ್ನ ಕಾಯ್ತಿರ್ಲಿಲ್ಲ, ನಾನೂ ಯಾರಿಗೂ ಕಾಯ್ತಿರ್ಲಿಲ್ಲ. ತೋಟ ಈಗಲೂ ಇದೆ, ಬೇರೆಯವರ ಹೆಸರಲ್ಲಿ.

ಈಗ ಕಾಣ್ತಿರೋದು ಲಕ್‌ನ ಮುಖ್ಯ ಬೀದಿ. ಹೇಳೋದು ಮರೆತೆ, ಈ ಊರಿಗೆ ಇನ್ನೊಂದು ಹೆಸರಿದೆ: ಯೋ-ಯೋಗಳ ರಾಜಧಾನಿ! ದಾರ ಸುತ್ತಿ ಕೆಳಗೆ ಬಿಟ್ರೆ ಕೈಗೇ ವಾಪಸ್ ಬರುತ್ತಲ್ಲ, ಆ ಆಟಿಕೆ. 1946ರಲ್ಲಿ ಮರದ ಯೋ-ಯೋ ಮಾಡ್ತಿದ್ದ ಡಂಕನ್ ಕಂಪನಿ ಕಾರ್ಖಾನೆ ಇಲ್ಲಿಗೆ ಬಂತು, ಸುತ್ತ ಮೇಪಲ್ ಮರ ಚೆನ್ನಾಗಿ ಸಿಗುತ್ತೆ ಅಂತ. 1965ರಲ್ಲಿ 'ಯೋ-ಯೋ' ಅನ್ನೋ ಪದ ಯಾರ ಸ್ವತ್ತೂ ಅಲ್ಲ ಅಂತ ಕೋರ್ಟ್ ಹೇಳಿಬಿಡ್ತು, ಆ ಕಾಲಕ್ಕೇ ಕಂಪನಿನೂ ದಿವಾಳಿ. ಮಗ ಮನೆಯಿಂದ ತನ್ನ ಪ್ಲಾಸ್ಟಿಕ್ ಯೋ-ಯೋ ತಂದಿದ್ದ. ಎರಡು ಸಲ ಬಿಟ್ಟೆ, ಎರಡೂ ಸಲ ವಾಪಸ್ ಬರ್ಲಿಲ್ಲ. ಬುಗುರಿ ಆಗಿದ್ರೆ ತೋರಿಸ್ತಿದ್ದೆ ಇವನಿಗೆ.

ಸ್ಟ್ರಾಬೆರಿ ಸಿಕ್ತಾ ಅಂತೀರಾ? ಅದರ ಕಾಲ ಇಲ್ಲಿ ಜುಲೈಗೇ ಮುಗಿಯುತ್ತೆ. ಪೆಟ್ರೋಲ್ ಬಂಕ್‌ನಲ್ಲಿ ಚಿಪ್ಸ್ ತಗೊಂಡ್ವಿ.

ಬಿಗ್ ಬಟರ್‌ನಟ್ ಕೆರೆ ದಂಡೆ ಇದು. ಇಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ, ಊಟಕ್ಕೆ ಕೂತಿದ್ಲು. "ಅಕ್ಕಾ, ಅಜ್ಜಿ ಮನೇಲಿದ್ದಾಗ ನಾನು ಹೇಗಿದ್ದೆ?" ಅಂದೆ.

"ಹೇಗಿದ್ದೆ? ಒಂಬತ್ತಕ್ಕೆ ಏಳ್ತಿದ್ದೆ. ಎದ್ದು ಕಾಫಿ ಆರಿದೆ ಅಂತ ನನ್ನ ಮೇಲೆ ರೇಗ್ತಿದ್ದೆ."