ಮಿಕ್ಸ್ ಆಗದ ಒಂದು ಮನಿ ತೋರಸ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತ ತೊಗರಿ ರೇಟಿನ ಬಗ್ಗೆ ಮಾತಾಡೋದಿತ್ತು. ಅದು ಮುಂದಿನ ವಾರಕ್ಕ ಹೋತು, ಯಾಕಂದ್ರ ಒಂದು ಕಮೆಂಟ್ ಓದಿ ತಲಿ ಕೆಟ್ಟದ. ಕಲಬುರಗಿ ಹುಡುಗ, ನಾಗಾಲ್ಯಾಂಡ್ ಹುಡುಗಿ, ಇಬ್ಬರ ಮದುವಿ ರೀಲ್ ಒಂದು ಓಡ್ಲತ್ತದ. ಹುಡುಗಿ ಇಳಕಲ್ ಸೀರಿ ಉಟ್ಟಾಳ, ಹುಡುಗನ ಹೆಗಲ ಮ್ಯಾಲ ನಾಗಾ ಶಾಲು. ಕೆಳಗ ಒಬ್ಬ ಪುಣ್ಯಾತ್ಮ ಬರ್ದಾನ: "ಹುಟ್ಟೋ ಕೂಸು ಚೀನಾದ್ದೋ ನಮ್ಮದೋ? ಶುದ್ಧ ರಕ್ತ ಕೆಡಿಸ್ಲತ್ತಾರ." ಅದಕ್ಕ ಲೈಕಿನ ರಾಶಿ!

ಶುದ್ಧ ರಕ್ತ. ಅಣ್ಣಾ, ಬಹಮನಿ ನೆಲದ ಮ್ಯಾಲ ಕುಂತು ಈ ಮಾತು ಆಡ್ಲತ್ತೀಯಲ್ಲೋ? ನಂದು ಇವತ್ತ ಒಂದೇ ಮಾತು. ಮಿಕ್ಸ್ ಆಗದ ಒಂದು ಮನಿ ತೋರಸ್ರಿ. ಒಂದೇ ಒಂದು.

1347ರಾಗ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ರಾಜಧಾನಿ ಆತು, ಮುಂದ ಬೀದರ್. ಇರಾನ್, ಮಧ್ಯ ಏಷ್ಯಾದಿಂದ ಬಂದವರಿಗೆ ಆಫಾಕಿ ಅಂದ್ರು. ಮೊದಲೇ ಬಂದು ಇಲ್ಲೇ ಬೇರು ಬಿಟ್ಟವರು ದಖ್ಖನಿ ಆದ್ರು. ಇಥಿಯೋಪಿಯಾ ಕಡಿಂದ ಬಂದ ಹಬ್ಶಿಗಳು ಸೈನ್ಯದಾಗ ಏರಿ ಅಮೀರರಾದ್ರು, ಅವರ ಗೋರಿಗಳು ಬೀದರಿನ ಹಬ್ಶಿ ಕೋಟ್ ಗುಡ್ಡದ ಮ್ಯಾಲ ಇವತ್ತಿಗೂ ನಿಂತಾವ. ಬಹಮನಿ ಪ್ರಧಾನಿ ಮಹಮೂದ್ ಗವಾನ್ ಇರಾನಿನ ಗಿಲಾನ್‌ದವ, 1472ರಾಗ ಬೀದರಿನಾಗ ಮದರಸಾ ಕಟ್ಟಿಸಿದ. 1481ರಾಗ ಅವನ ತಲಿ ಹೋತು. ಹಿಂದಿದ್ದದ್ದು ಇದೇ ಆಫಾಕಿ–ದಖ್ಖನಿ ಜಗಳ, ಹೊರಗಿನವ ಯಾರು, ಒಳಗಿನವ ಯಾರು ಅಂತ. ಬೀದರ್ ಬಾಜೂಕಿನ ಅಷ್ಟೂರಿಗೆ ಹೋಗ್ರಿ, ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ ಗೋರಿ ನೋಡ್ರಿ. ಮುಸಲ್ಮಾನರಿಗೆ ಅಂವ ವಲಿ, ಅಂದ್ರ ಸಂತ, ನಮ್ಮ ಲಿಂಗಾಯತರು ಅಲ್ಲಮಪ್ರಭು ಅಂತ ನಡ್ಕೋತಾರ, ಉರುಸಿಗೆ ಜಂಗಮರು ಬರ್ತಾರ. ಇಂಥಾ ನೆಲದಾಗ ಏಳುನೂರು ವರ್ಷ ಯಾರ ಮನಿಗೂ ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ ಅಂತೀರಲ್ಲ, ನಿಮ್ಮ ಧೈರ್ಯಕ್ಕ ಒಂದು ದೊಡ್ಡ ನಮಸ್ಕಾರ.

"ಅದೆಲ್ಲ ಸುಲ್ತಾನರ ಕತಿ, ನಮ್ಮ ಮಂದಿ ಬ್ಯಾರೆ" ಅಂತ ಬರೀಲಿಕ್ಕೆ ಕೈ ಆಗ್ಲೇ ಕೀಬೋರ್ಡಿಗೆ ಹೋಗ್ಯಾವ, ಗೊತ್ತದ. ಬರ್ರಿ, ಲ್ಯಾಬಿಗೇ ಹೋಗೋಣ. ದೂರ ಬ್ಯಾಡ, ಹೈದರಾಬಾದಿನ ಸಿಸಿಎಂಬಿ, ಜೀವಕೋಶ, ಜೀನಿನ ಸಂಶೋಧನಾ ಕೇಂದ್ರ. ಅಲ್ಲಿಯ ವಿಜ್ಞಾನಿಗಳು ಹಾರ್ವರ್ಡಿನವರ ಜೋಡಿ ಸೇರಿ 2009ರಾಗ ಒಂದು ಅಧ್ಯಯನ ಹೊರಗ ತಂದ್ರು. ಭಾರತದ ಬಹುತೇಕ ಜಾತಿ, ಬುಡಕಟ್ಟುಗಳ ಒಳಗ ಎರಡು ಹಳೇ ಪೂರ್ವಜರ ಪಾಲು ಅದ. ಉತ್ತರದ ಪಾಲು 39ರಿಂದ 71 ಪರ್ಸೆಂಟ್, ಉಳಿದದ್ದು ದಕ್ಷಿಣದ್ದು. ಸೊನ್ನಿನೂ ಇಲ್ಲ, ನೂರೂ ಇಲ್ಲ. 2013ರಾಗ ಇನ್ನೊಂದು ಬಂತು: ಈ ಬೆರಕಿ ನಡದದ್ದು ಸುಮಾರು 4,200 ವರ್ಷದಿಂದ 1,900 ವರ್ಷದ ಹಿಂದಿನ ತನಕ. ಆಮ್ಯಾಲ ಬಾಗಲಾ ಹಾಕ್ಕೊಂಡು ನಮ್ಮ ನಮ್ಮೊಳಗೇ ಮದುವಿ ಮಾಡ್ಕೊಂಡೀವಿ. ಅಂದ್ರ ಮೊದಲು ಚೆಂದಾಗಿ ಮಿಕ್ಸ್ ಆಗಿ, ಆಮ್ಯಾಲ ಬೀಗ ಜಡಿದು, ಒಳಗ ಕುಂತು "ನಾವು ಶುದ್ಧ" ಅಂತ ಒದರ್ಲತ್ತೀವಿ.

ಬೀಗ ಹಾಕಿದ್ದಕ್ಕ ಬಿಲ್ಲೂ ಬಂದದ. 2017ರಾಗ ದಕ್ಷಿಣ ಏಷ್ಯಾದ 263 ಗುಂಪು ನೋಡಿದ್ರು. 81 ಗುಂಪಿನಾಗ, ಮೂಲದ ಸಣ್ಣ ಗುಂಪಿನ ಮಂದಿನೇ ತಲಿಮಾರು ಕಟ್ಟಿ ತಮ್ಮೊಳಗೇ ಲಗ್ನ ಆದ ಗುರುತು, ಇದಕ್ಕ ಹೆಸರಾದ ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಗಟ್ಟಿ ಸಿಕ್ಕಿತು. ಇದರಿಂದ ಆಗೋದು ಏನು? ಕೆಲವು ರೋಗದ ಜೀನ್ ಒಂದು ಪ್ರತಿ ಇದ್ರ ಸುಮ್ಮನಿರ್ತದ, ಎರಡು ಪ್ರತಿ ಸೇರಿದ್ರ ರೋಗ. ಗಂಡ–ಹೆಂಡತಿ ಇಬ್ಬರ ಬಲ್ಲಿ ಒಂದೊಂದು ಇದ್ರ ಪ್ರತಿ ಬಸುರಿನಾಗೂ ನಾಲ್ಕರಾಗ ಒಂದು ಪಾಲು ಅಪಾಯ. ಸೋದರಮಾವ ಅಕ್ಕನ ಮಗಳನ್ನ ಮಾಡ್ಕೊಂಡ್ರ ಇಬ್ಬರ ಜೀನು ಸರಾಸರಿ ನಾಲ್ಕನೇ ಒಂದು ಪಾಲು ಒಂದೇ, ಅತ್ತಿ ಮಗ ಮಾವನ ಮಗಳಾದ್ರ ಎಂಟನೇ ಒಂದು ಪಾಲು. ಮದುವಿಗೆ ಮೊದಲ ಇಬ್ಬರೂ ಎಚ್‌ಪಿಎಲ್‌ಸಿ ರಕ್ತ ಪರೀಕ್ಷೆ ಮಾಡಿಸ್ರಿ. ಎಚ್‌ಬಿಎ2 ಅನ್ನೋ ಥರದ ಹಿಮೋಗ್ಲೋಬಿನ್ ಸುಮಾರು 3.5 ಪರ್ಸೆಂಟಿನ ಮ್ಯಾಲ ಬಂದ್ರ ತಲಸ್ಸೀಮಿಯಾ ಅನ್ನೋ ವಂಶದಾಗ ಬರೋ ರಕ್ತದ ರೋಗದ ಜೀನ್ ಇರಬಹುದು, ಡಾಕ್ಟರಿಗೆ ತೋರಸ್ರಿ. ಕಬ್ಬಿಣಾಂಶ ಕಮ್ಮಿ ಇದ್ದಾಗ ಈ ಅಂಕಿ ಕೆಳಗ ಇಳಿದು ಮೋಸ ಮಾಡ್ತದ, ಅದಕ್ಕ ಅದನ್ನೂ ನೋಡಿಸ್ರಿ. ಜಾತಕ ಕೂಡಿಸ್ಲಿಕ್ಕೆ ಇರೋ ಟೈಮಿನಾಗ ಇದೂ ಆಗ್ತದ. ಮತ್ತ ನೀವು "ತಳಿ ಕೆಡ್ತದ" ಅಂತ ಅಳ್ತೀರಿ ಯಾರಿಗೆ? ದೂರದಿಂದ ಹುಡುಗಿ ತಂದವನಿಗೆ! ಒಂದೇ ಜೀನಿನ ಎರಡು ಕೆಟ್ಟ ಪ್ರತಿ ಕೂಡೋದು ದೂರದ ಜೋಡಿಗೇ ಕಮ್ಮಿ, ಮಾರಾಯಾ.

ಈ ವಿಷಯದಾಗ ನಮ್ಮ ಊರಿಗೆ ಹಳೇ ಹಿರೇತನ ಅದ. ಮರ್ತೂರಿನ ವಿಜ್ಞಾನೇಶ್ವರ ತನ್ನ ಮಿತಾಕ್ಷರಾ ಅನ್ನೋ ಧರ್ಮಶಾಸ್ತ್ರದ ಗ್ರಂಥದಾಗ ಸಪಿಂಡ ಅಂದ್ರ ಒಂದೇ ದೇಹದ ಅಂಶ ಹಂಚ್ಕೊಂಡವರು ಅಂತ ಲೆಕ್ಕ ಹಾಕ್ಯಾನ. 1955ರ ಹಿಂದೂ ವಿವಾಹ ಕಾಯ್ದಿನೂ ತಂದಿ ಕಡಿ ಐದು, ತಾಯಿ ಕಡಿ ಮೂರು ತಲಿಮಾರು ಬಿಡು ಅಂತದ, ರೂಢಿ ಇದ್ದವರಿಗೆ ವಿನಾಯಿತಿ ಕೊಡ್ತದ. ದೂರ ನೋಡ್ರಿ ಅಂತ ಹಳಬರೇ ಹೇಳ್ಯಾರ, ನಾವು ಓಣಿ ದಾಟಲ್ಲ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲಂದ್ರ ಮಾಡ್ರಿ, ಮರ್ತೂರ ಬಗ್ಗೆ ಪೂರಾ ವಿಡಿಯೋ ಬರ್ತದ.

"ಡಿಎನ್‌ಎ ಟೆಸ್ಟ್ ಮಾಡ್ಸಿ ತೋರಸ್ತೀನಿ" ಅಂದ್ಯಾ? ಮಾಡ್ಸು ತಮ್ಮಾ. ಅರ್ಧ ತಾಸು ಮೊದಲ ಏನೂ ತಿನಬ್ಯಾಡ, ಕುಡಿಬ್ಯಾಡ, ಗುಟಖಾ ಅಂತೂ ಬ್ಯಾಡವೇ ಬ್ಯಾಡ. ನೊರಿ ಬಿಟ್ಟು ನೀರಿನ ಹಂಗಿರೋ ಉಗುಳು ಗೆರಿ ತನಕ ತುಂಬಬೇಕು, ಕಮ್ಮಿ ಆದ್ರ ಮಾದರಿ ಫೇಲ್. ಅವರು ನಿನ್ನ ಸುಮಾರು 300 ಕೋಟಿ ಅಕ್ಷರದಾಗ ಆರೇಳು ಲಕ್ಷ ಜಾಗ ಮಾತ್ರ ನೋಡ್ತಾರ. ಅದನ್ನ ತಮ್ಮ ಬಲ್ಲಿ ಇದ್ದ ಮಂದಿಯ ಮಾದರಿಗೆ ಹೋಲಿಸ್ತಾರ. ಆ ಗುಂಪಿನಾಗ ನಮ್ಮ ಕಡಿಯವರು ಕಮ್ಮಿ ಇದ್ರ ರಿಪೋರ್ಟಿನಾಗ ಬರೀ "ದಕ್ಷಿಣ ಏಷ್ಯಾ" ಅಂತ ಬರ್ತದ. ಪಟ್ಟಿ ಅಪ್‌ಡೇಟ್ ಆದ್ರ ನಿನ್ನ ಪರ್ಸೆಂಟೇಜೂ ಬದಲಿ. ಅಣ್ಣ–ತಮ್ಮಗೂ ಒಂದೇ ಅಂಕಿ ಬರಲ್ಲ. ಆ ಕಾಗದ ಹಿಡಕೊಂಡು ಬಾ, ಮಿಕ್ಸ್ ಆಗದ ಮನಿ ತೋರಸು.

ಈಗ ಖರೇ ಮಾತಿಗೆ ಬರ್ತೀನಿ. ಇದು ರಕ್ತದ ಸಿಟ್ಟಲ್ಲ, ಬಣ್ಣದ ಸಿಟ್ಟು. ಇದೇ ಹುಡುಗ ಪೋಲಂಡ್ ಹುಡುಗಿ ತಂದಿದ್ರ ಇದೇ ಕಮೆಂಟಿನವರು "ಕೂಸು ಗೊಂಬಿ ಹಂಗ ಆಗ್ತದ" ಅಂತ ಹಾರ್ಟ್ ಹಾಕ್ತಿದ್ರು. ಆಗ ಶುದ್ಧ ರಕ್ತ ಎಲ್ಲಿಗೆ ಹೋಗಿತ್ತು, ರಜಾಕ್ಕ? ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಾಗ ಬೀದರ್ ತನಕ ಬಂದಿದ್ದ. ಬಿಳಿ ಮನಷ್ಯಾನ ನೋಡ್ಲಿಕ್ಕೆ ಮಂದಿ ಹಿಂದ ಹಿಂದ ಬರ್ತಿದ್ರು ಅಂತ ಬರ್ದಿಟ್ಟಾನ. ಆಗ ಕುತೂಹಲ ಇರಬಹುದು. ಈಗ ಅದು ಮದುವಿ ಮಾರ್ಕೆಟ್ಟಿನ ರೇಟ್.

ನಾವಷ್ಟೇ ಅಲ್ರಿ, ಪೂರಾ ಏಷ್ಯಾದ ಹಣೇಬರಹ ಇದು. ಜಪಾನಿನಾಗ 2015ರಾಗ ಅರಿಯಾನಾ ಮಿಯಾಮೊಟೊ ಮಿಸ್ ಯೂನಿವರ್ಸ್ ಜಪಾನ್ ಆದಳು. ತಾಯಿ ಜಪಾನಿ, ತಂದಿ ಕರಿಯ ಅಮೆರಿಕನ್. "ಇಕಿ ಜಪಾನಿ ಹಂಗ ಕಾಣಲ್ಲ" ಅಂತ ಎದ್ದರು. ಮರುವರ್ಷ ಪ್ರಿಯಾಂಕಾ ಯೊಶಿಕಾವಾ ಮಿಸ್ ವರ್ಲ್ಡ್ ಜಪಾನ್. ತಂದಿ ನಮ್ಮ ಭಾರತದವರು. ಮತ್ತ ಅದೇ ಹಾಡು. ಬಿಳಿ ಕಡಿ ಮಿಕ್ಸ್ ಆದ ಮುಖ ಮಾತ್ರ ಅಲ್ಲಿಯ ಜಾಹೀರಾತಿನಾಗ ಬೇಕು. ದಕ್ಷಿಣ ಕೊರಿಯಾದಾಗ ಚಹರಿ ಎದ್ದು ಕಾಣೋ ಮಿಶ್ರ ಮೂಲದ ಹುಡುಗರನ್ನ 2010ರ ದಶಕ ಶುರು ಆಗೋ ತನಕ ಕಡ್ಡಾಯ ಮಿಲಿಟರಿ ಸೇವೆಯಿಂದ ಹೊರಗಿಟ್ಟಿದ್ರು. ಸಿಂಗಾಪುರದವರು ಸ್ವಲ್ಪ ಬುದ್ಧಿವಂತರು, 2011ರಿಂದ ಕೂಸಿನ ದಾಖಲಾತಿಯಾಗ ಎರಡೂ ಜನಾಂಗ ಬರಿಸ್ಲಿಕ್ಕೆ ಬಿಟ್ಟಾರ. ಮತ್ತ ನಮ್ಮಲ್ಲಿ? 2014ರಾಗ ಅರುಣಾಚಲದ ನಿಡೊ ತಾನಿಯಾ ದಿಲ್ಲಿಯಾಗ ಕೂದಲ ಚ್ಯಾಷ್ಟಿಯಿಂದ ಶುರುವಾದ ಜಗಳದಾಗ ಹೊಡೆಸಿಕೊಂಡು ಸತ್ತ. ಅಂವ ಯಾವ ದೇಶದವ? ಇದೇ ದೇಶದವ! ಕಮೆಂಟ್ ಬರ್ದ ಪುಣ್ಯಾತ್ಮಾ, "ಚೀನಾ" ಅಂದ್ಯಲ್ಲ, ಓದಿ ನೋಡು ಸ್ವಲ್ಪ.

"ನಂಗ ಬೆಳ್ಳಗಿನ ಹುಡುಗೀನೇ ಇಷ್ಟ, ಇಷ್ಟಕ್ಕ ಯಾರೇನು ಮಾಡ್ತಾರ?" ಇಷ್ಟ ಆಕಾಶದಿಂದ ಉದುರಲ್ಲಪ್ಪ. 1975ರಿಂದ ಫೇರ್ ಅಂಡ್ ಲವ್ಲಿ ಜಾಹೀರಾತು ನೋಡಿ ಬೆಳದ ಇಷ್ಟ ಅದು. 2020ರಾಗ ಹೆಸರು ಬದಲಿಸಿ ಗ್ಲೋ ಅಂದ್ರು, ಅದೇ ವರ್ಷ ಶಾದಿ ಡಾಟ್ ಕಾಮ್ ಚರ್ಮದ ಬಣ್ಣದ ಫಿಲ್ಟರ್ ತಗದು ಹಾಕ್ತು. ಫಿಲ್ಟರ್ ಹೋತು, ಆದ್ರ ಬಸುರಿಗೆ ಕೇಸರಿ ಹಾಲು ಕುಡಿಸೋ ಆಯಿ ಹೋಗ್ಲಿಲ್ಲ. ಕೇಸರಿಯಿಂದ ಹಾಲು ಬಣ್ಣ ಆಗ್ತದ, ಕೂಸಲ್ಲ. ಚರ್ಮದ ಬಣ್ಣ ಮಾಡೋ ಕೋಶ ಎಲ್ಲಾರ ಬಲ್ಲಿ ಹೆಚ್ಚುಕಮ್ಮಿ ಅಷ್ಟೇ ಇರ್ತಾವ, ಅವು ಮಾಡೋ ಮೆಲನಿನ್ ಎಷ್ಟು, ಯಾವ ಥರದ್ದು ಅನ್ನೋದು ಫರಕ್. ಮತ್ತ ಹುಟ್ಟಿದ ಕೂಸಿನ ಸೊಂಟದ ಕೆಳಗ ಬೂದು–ನೀಲಿ ಮಚ್ಚಿ ನೋಡೀರಿ? ಗುದ್ದು ಬಿದ್ದಂಗ ಕಾಣ್ತದ, ಒತ್ತಿದ್ರ ನೋವಿಲ್ಲ, ನಾಲ್ಕೈದು ವರ್ಷದಾಗ ಹೆಚ್ಚಾಗಿ ಮಾಯ. ಚೀನಾ, ಜಪಾನ್ ಕೂಸುಗಳಿಗೂ ಬರ್ತದ, ನಮ್ಮ ಕಡಿ ಕೂಸುಗಳಿಗೂ ಬರ್ತದ. ಮುಂದಿನ ಸಲ ಕೂಸಿಗೆ ನೀರು ಹಾಕೋ ಮುಂದ ಹೊಳ್ಳಿಸಿ ನೋಡ್ರಿ.

ಹಾಂ, ಮೆಡಿಕಲ್ ಅಂಗಡಿ ಕ್ರೀಮಿನ ಮಾತು. ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಟ್ಯೂಬಿನ ಮ್ಯಾಲ ಇದ್ರ ಅದು ಸ್ಟೆರಾಯ್ಡ್. ಮೊದಲ ವಾರ ಮುಖ ಫಳಫಳ. ಆಮ್ಯಾಲ ಚರ್ಮ ತೆಳ್ಳಗ, ಕೆಂಪು ನರ, ಮೊಡವಿ, ಗದ್ದದ ಮ್ಯಾಲ ಕೂದಲ. ಒಮ್ಮೆಲೇ ಬಿಟ್ರ ಉರಿ ಎದ್ದು ಮತ್ತ ಅದನ್ನೇ ಹಚ್ಚೋ ಹಂಗ ಆಗ್ತದ. 2018ರಾಗ ಇಂಥಾ ಸುಮಾರು ಕ್ರೀಮುಗಳನ್ನ ಚೀಟಿ ಇಲ್ಲದ ಮಾರಬಾರ್ದು ಅಂತ ಶೆಡ್ಯೂಲ್ ಎಚ್‌ಗೆ ಹಾಕಿದ್ರು. ಹಚ್ಚಲತ್ತಿದ್ರ ಚರ್ಮದ ಡಾಕ್ಟರ್ ಬಲ್ಲಿ ಹೋಗ್ರಿ, ಅವರು ಹಂತ ಹಂತವಾಗಿ ಬಿಡಸ್ತಾರ.

"ಮಕ್ಕಳಿಗೆ ಜಾತಿ ಯಾವುದು?" ಕೇಳೇ ಕೇಳ್ತೀರಿ. ಸುಪ್ರೀಂ ಕೋರ್ಟ್ 2012ರಾಗ ಹೇಳ್ಯದ: ತಂದಿ ಜಾತಿ ಅಂತ ಮೊದಲಿಗೆ ಹಿಡದ್ರೂ ಅದೇ ಕೊನಿ ಅಲ್ಲ, ಪರಿಶಿಷ್ಟ ತಾಯಿಯ ಕಡಿ ಬೆಳದು ಅದೇ ಕಷ್ಟ ಉಂಡದ್ದನ್ನ ಕೂಸು ತೋರಸ್ಬಹುದು. "ಲಗ್ನ ಹ್ಯಾಂಗ?" 1954ರ ವಿಶೇಷ ವಿವಾಹ ಕಾಯ್ದಿ: ಇಬ್ಬರಾಗ ಒಬ್ಬರು ಆ ಜಿಲ್ಲಾದಾಗ 30 ದಿನ ಇದ್ದಿರಬೇಕು, ನೋಟಿಸ್, ಮತ್ತ 30 ದಿನ, ಮೂವರು ಸಾಕ್ಷಿ. ವಿಳಾಸದ ಕಾಗದ ಸರಿ ಇಲ್ಲಂದ್ರ ಅಲ್ಲೇ ತಿರುಗಿ ಕಳಸ್ತಾರ. "ಮಕ್ಕಳಿಗೆ ಚ್ಯಾಷ್ಟಿ ಮಾಡ್ತಾರಲ್ಲ?" ಯಾರು ಮಾಡ್ತಾರ? ನೀವೇ ಮಾಡೋದು! ನೀವು ಸುಮ್ನಿದ್ರ ಮುಗೀತು!

ಬಸವಕಲ್ಯಾಣದಾಗ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನ ಮಾಡಿ ಎಳೆಹೂಟಿ ಶಿಕ್ಷಾ, ಆನಿ ಕಾಲಿಗೆ ಕಟ್ಟಿ ಎಳಸೋ ಶಿಕ್ಷಾ, ಉಂಡ ಶರಣರ ನೆಲ ಇದು, ಪ್ರತಿ ಬಸವ ಜಯಂತಿಗೆ ಭಾಷಣ ಬ್ಯಾರೆ! ಮನ್ಯಾಗ ಜ್ವಾಳದ ರೊಟ್ಟಿ, ಜ್ವಾಳ ಬಂದದ್ದು ಆಫ್ರಿಕಾದಿಂದ. ಸುಸ್ಲಾ ಜೋಡಿ ಮಿರ್ಚಿ, ಮೆಣಸಿನಕಾಯಿ ಅಮೆರಿಕಾದ್ದು. ತಾಟಿನಾಗ ನಡೀತದ, ಮನ್ಯಾಗ ನಡಿಯಲ್ಲ! ಇಲ್ಲ, ಇಲ್ಲ, ಅದು ಬ್ಯಾರೆ ಅಂತೀರಿ, ಎಲ್ಲಾ ಬ್ಯಾರೆನೇ ನಿಮಗ. ಮಿಕ್ಸ್ ಆಗದ ಮನಿ ತೋರಸ್ರಿ ಅಂದೆ, ಯಾರೂ ತೋರಸಲ್ಲ, ಬರೀ "ಅಡ್ಮಿನ್ ಕಾಂಗ್ರೆಸ್ಸಾ, ಬಿಜೆಪಿಯಾ" ಅಂತ ಕೇಳ್ತೀರಿ. ವಂಶಾವಳಿ ಕಾಗದ ಹಚ್ಚಿ ಕಮೆಂಟ್ ಹಾಕ್ರಿ, ಪಿನ್ ಮಾಡ್ತೀನಿ. ಲೈಕ್ ಒತ್ರಿ, ಮನಿ ವಾಟ್ಸಾಪ್ ಗ್ರೂಪಿಗೆ ಹಾಕ್ರಿ, ಜಗಳ ಆದ್ರ ನಂಗ ಟ್ಯಾಗ್ ಮಾಡಬ್ಯಾಡ್ರಿ. ಮತ್ತ ಬೀದರಿಗೆ ಹೋದ್ರ ಹಬ್ಶಿ ಕೋಟ್ ಗುಡ್ಡಕ್ಕ ಬಿಸಲ ಇಳದ ಮ್ಯಾಲ ಹೋಗ್ರಿ, ನೀರಿನ ಬಾಟ್ಲಿ ಒಯ್ರಿ.